ತೊಂಬತ್ತು ಸಾವಿರದಲ್ಲಿ ಒಬ್ಬ ನೆವಿಲ್

ನಿಶ್ಮಿತಾಳ ತಲೆಗೆ ಆ ಪ್ರಶ್ನೆ ಹೊಕ್ಕದ್ದು ಸಿಡ್ನಿಯ ಮೆಟ್ರೋದಲ್ಲಿ. ಕಳೆದ ಜನವರಿಯ ಒಂದು ಬೆಳಿಗ್ಗೆ ಅವಳು ಕೆಲ್ಲಿವಿಲ್‌ನ ಮನೆಯಿಂದ ಚಾಟ್ಸ್‌ವುಡ್‌ನ ಆಫೀಸಿಗೆ ಹೊರಟಿದ್ದಳು. ಬೋಗಿಯ ತುಂಬ ಗುಲಾಬಿ ಟೋಪಿ, ಗುಲಾಬಿ ಶರಟು. ಒಬ್ಬ ಅಜ್ಜನಂತೂ ಗಡ್ಡಕ್ಕೇ ಬಣ್ಣ ಬಳಿದುಕೊಂಡಿದ್ದ. ಸಿಡ್ನಿ ಟೆಸ್ಟಿನ ಮೂರನೆಯ ದಿನ. ಗುಲಾಬಿ ಯಾಕೆಂದು ಅವಳಿಗೆ ಗೊತ್ತಿತ್ತು, ಕ್ಯಾನ್ಸರ್ ರೋಗಿಗಳ ನೆರವಿಗೆ ಮೀಸಲಾದ ದಿನ ಅದು. ಆದರೆ ಕೆಲಸದ ದಿನ ರಜೆ ಹಾಕಿ ಇಷ್ಟೊಂದು ಜನ ಹೊರಟಿರುವುದು ಯಾಕೆ?

"ಯಾರು ಗೆಲ್ಲಬಹುದು?" ಎಂದು ಪಕ್ಕದಲ್ಲಿದ್ದ ಬಿಳಿ ಅಜ್ಜಿಯನ್ನು ಕೇಳಿದಳು.

ಅಜ್ಜಿ ಸ್ವಲ್ಪ ಯೋಚಿಸಿ, ಅದೇನೋ ಗೊತ್ತಿಲ್ಲ, ಮಧ್ಯಾಹ್ನ ಮಳೆಯಂತೆ, ಆಟ ನಡೆಯುವುದೇ ಅನುಮಾನ ಎಂದಳು. ಹೇಳುವಾಗ ಮುಖದಲ್ಲಿ ಎಳ್ಳಷ್ಟೂ ಬೇಸರವಿಲ್ಲ. ಚಾಟ್ಸ್‌ವುಡ್ ಬಂತು, ನಿಶ್ಮಿತಾ ಇಳಿದಳು. ಗುಲಾಬಿ ಬೋಗಿ ಮುಂದಕ್ಕೆ ಹೋಯಿತು.

ಅವಳು ಸರ್ವೇ ಮಾಡುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಆ ವಾರ ಅವಳ ಮೇಜಿನ ಮೇಲಿದ್ದದ್ದೂ ಕ್ರಿಕೆಟ್ಟೇ. ಮೆಲ್ಬರ್ನ್‌ನಲ್ಲಿ ಕ್ರಿಸ್ಮಸ್ಸಿನ ಮರುದಿನ ಶುರುವಾಗುವ ಟೆಸ್ಟಿಗೆ ಹೋಗಿ ಬಂದವರಿಗೆ ಫೋನ್ ಮಾಡಿ, "ನಿಮಗೆ ಆದ ತೊಂದರೆ ಏನು?" ಎಂದು ಕೇಳಿಸಿ, ಟಿಕೆಟ್ ಮಾರುವವರಿಗೆ ವರದಿ ಕೊಡಬೇಕಿತ್ತು. ಮೈದಾನದ ಒಂದು ಮೂಲೆಯಲ್ಲಿ ಮೊದಲು ಬಂದವರಿಗೆ ಮೊದಲ ಸೀಟು ಎಂಬ ಪದ್ಧತಿ ಇತ್ತು. ಅಲ್ಲಿ ಕೂರುವವರಲ್ಲಿ ನೂರಕ್ಕೆ ಎಪ್ಪತ್ತು ಜನ "ಬೆಳಿಗ್ಗೆ ಕ್ಯೂ ನಿಲ್ಲುವುದು" ಎಂದು ಉತ್ತರಿಸಿದ್ದರು. ನಿಶ್ಮಿತಾ ಮೈದಾನದ ಮುಖ ನೋಡದೆಯೇ ಬರೆದಳು: ಆ ಮೂಲೆಯ ಸೀಟುಗಳಿಗೂ ನಂಬರ್ ಹಾಕಿ ಆನ್‌ಲೈನಿನಲ್ಲಿ ಮಾರಿ, ಕ್ಯೂ ತಪ್ಪುತ್ತದೆ. ಅವರು ಹಾಗೆಯೇ ಮಾಡಿದರು. ಬಾಸ್ ಮಹಾಶ್ವೇತಾ ಮೀಟಿಂಗಿನಲ್ಲಿ ಎಲ್ಲರೆದುರು ಬೆನ್ನು ತಟ್ಟಿದ್ದಳು.

ಡಿಸೆಂಬರ್ ಬಂದಾಗ ಮಹಾಶ್ವೇತಾ ಮತ್ತೆ ಕರೆದಳು.

"ಈ ಸಲ ಆ ಟಿಕೆಟ್‌ನವ್ರಿಗೆ ಒಂದೇ ಲೈನ್ ಆನ್ಸರ್ ಬೇಕಂತೆ. ಐದ್ ದಿನ ಆಡಿ ಡ್ರಾ ಆದ್ರೂ ಆಗ್ಬಹುದಾದ ಆಟಕ್ಕೆ ಜನ ಯಾಕ್ ಹಿಂಗ್ ಮುಗಿಬೀಳ್ತಾರೆ? ರೀಸನ್ ಗೊತ್ತಾದ್ರೆ ಅದನ್ನೇ ಪ್ರಮೋಟ್ ಮಾಡ್ತಾರೆ. ನೀನೇ ಗ್ರೌಂಡಿಗೆ ಹೋಗ್ಬಿಡು. ಆರು ಜನ ಸ್ಟೂಡೆಂಟ್ಸ್ ಕೊಡ್ತೀನಿ."

ನಿಶ್ಮಿತಾ ಫಾರ್ಮಿನಲ್ಲಿ ಒಂಬತ್ತು ಕಾರಣಗಳ ಪಟ್ಟಿ ಮಾಡಿದಳು. ಕೊನೆಗೆ, ಆ ಅಜ್ಜಿಯ ನೆನಪಾಗಿ, ಒಂದು ಖಾಲಿ ಜಾಗ ಬಿಟ್ಟಳು.

"ಖಾಲಿ ಬಿಟ್ರೆ ಜನ ಕಥೆ ಬರೀತಾರೆ ಕಣೇ. ಓದೋರ್ಯಾರು?"

"ನಾನೇ ಓದ್ತೇನೆ."

ಫಾರ್ಮಿನ ತಲೆಯಲ್ಲಿ ಎಂದಿನ ಮಾತಿತ್ತು: ನೀವು ಯಾರೆಂದು ನಾವು ಕೇಳುವುದಿಲ್ಲ, ನಿಮ್ಮನ್ನು ಹುಡುಕಿಕೊಂಡು ಬರುವುದೂ ಇಲ್ಲ. ಸೀಟ್ ನಂಬರ್ ಮಾತ್ರ ಲೆಕ್ಕಕ್ಕೆ ಬೇಕು. ಆ ಮಾತನ್ನು ಮುರಿದವರಿಗೆ ಕಂಪನಿಯಲ್ಲಿ ಜಾಗವಿರಲಿಲ್ಲ.

ಮೆಲ್ಬರ್ನ್‌ನಲ್ಲಿ ಅವಳು ಇಳಿದುಕೊಂಡದ್ದು ಕ್ಲೈಡ್ ನಾರ್ತ್‌ನ ವಿಲ್ಫಿ ಅಂಕಲ್ ಮನೆಯಲ್ಲಿ. ವಿಲ್ಫಿ ಬಸ್ ಡ್ರೈವರ್. ಊರಲ್ಲಿ, ಕಲ್ಯಾಣಪುರದಲ್ಲಿ, ಅವಳ ಮನೆಗೂ ವಿಲ್ಫಿಯ ಮನೆಗೂ ನಡುವೆ ಒಂದೇ ಬೇಲಿ. ಕ್ರಿಸ್ಮಸ್ಸಿಗೆ ಆ ಬೇಲಿಯ ಮೇಲಿಂದ ಕುಸ್ವಾರ್ ತಟ್ಟೆ ಬರುತ್ತಿತ್ತು: ನೆವ್ರಿ, ಕಿಡಿಯೊ, ಅಕ್ಕಿಯುಂಡೆ. ಹಬ್ಬದ ತಿಂಡಿ ನೆರೆಯವರಿಗೆ ಕೊಟ್ಟ ಮೇಲೆಯೇ ತಮ್ಮ ಬಾಯಿಗೆ ಎಂಬುದು ಅವರ ಪದ್ಧತಿ. ಇಲ್ಲಿ ವಿಲ್ಫಿಯ ಹೆಂಡತಿ ರೋಸಲಿನ್ ಆಂಟಿ ಬೀದಿಯ ಪಂಜಾಬಿಗಳಿಗೂ ಶ್ರೀಲಂಕಾದವರಿಗೂ ತಟ್ಟೆ ಕಳಿಸಿ, ಒಂದು ಡಬ್ಬಿಯನ್ನು ಬೇರೆಯಾಗಿ ಎತ್ತಿಟ್ಟಿದ್ದರು.

"ಇದು ಯಾರಿಗೆ ಆಂಟಿ?"

"ನೆವಿಲನಿಗೆ. ಹೆಸರು ಕೇಳಿ ನಾನು ನಮ್ಮ ಮಂಗಳೂರಿನವನೇ ಅಂತ ಎಣಿಸಿದ್ದೆ ಮಾರಾಯ್ತಿ. ನೋಡಿದ್ರೆ ಬಿಳಿಯ! ಇವರಿಗೆ ವರ್ಷಕ್ಕೊಮ್ಮೆ ಮ್ಯಾಚಲ್ಲಿ ಸಿಗೋದು."

"ಅಂಕಲ್‌ಗೆ ಕ್ರಿಕೆಟ್ ಅಂದ್ರೆ ಅಷ್ಟು ಹುಚ್ಚಾ?"

"ಹುಚ್ಚೆಂತದ್ದು? ಟಿವಿಯಲ್ಲಿ ಮ್ಯಾಚ್ ಹಾಕಿದ್ರೆ ಗೊರಕೆ."

ನಿಶ್ಮಿತಾಳ ಕಿವಿ ನೆಟ್ಟಗಾಯಿತು. ಕ್ರಿಕೆಟ್ ನೋಡದವನು ಟೆಸ್ಟಿಗೆ ಯಾಕೆ ಹೋಗುತ್ತಾನೆ? ವಿಲ್ಫಿಯನ್ನು ಹಿಡಿದು ಕೂರಿಸಿದಳು.

ಹದಿನಾಲ್ಕು ವರ್ಷದ ಹಿಂದೆ ವಿಲ್ಫಿ ಈ ದೇಶದಲ್ಲಿ ಒಬ್ಬನೇ ಇದ್ದ. ರೋಸಲಿನ್‌ಳ ವೀಸಾ ಇನ್ನೂ ಬಂದಿರಲಿಲ್ಲ. ಕ್ರಿಸ್ಮಸ್ಸನ್ನು ಬಾಡಿಗೆ ರೂಮಿನಲ್ಲಿ ಕಳೆದು, ಮರುದಿನ ಗೋಡೆ ನೋಡಲಾರದೆ ಜನ ಹೋಗುತ್ತಿದ್ದ ಕಡೆ ತಾನೂ ಹೋಗಿ ಮೈದಾನ ಸೇರಿದ. ಟೋಪಿ ತಂದಿರಲಿಲ್ಲ. ಪಕ್ಕದಲ್ಲಿದ್ದ ನೆವಿಲ್ ತನ್ನ ಇನ್ನೊಂದು ಟೋಪಿ ಕೊಟ್ಟ, ಸನ್‌ಸ್ಕ್ರೀನ್ ಕೊಟ್ಟ, ಹಿಂದಿನ ದಿನದ ಹ್ಯಾಮ್ ಹಾಕಿದ ಸ್ಯಾಂಡ್‌ವಿಚ್ ಕೊಟ್ಟ. ಮರುವರ್ಷ, ಮೊದಲು ಬಂದವರಿಗೆ ಸೀಟು ಸಿಗುವ ಅದೇ ಮೂಲೆಗೆ ಹೋದರೆ ನೆವಿಲ್ ಎಂಟು ಗಂಟೆಗೇ ಕ್ಯೂ ನಿಂತು, ಪಕ್ಕದ ಸೀಟಿನ ಮೇಲೆ ಪೇಪರ್ ಹಾಸಿ ಕಾಯುತ್ತಿದ್ದ.

"ಮತ್ತೆ ಫೋನ್ ಮಾಡಿ ಕೇಳ್ಬಹುದಲ್ಲ, ಎಲ್ಲಿ ಸಿಗುವ ಅಂತ?"

"ನಂಬರ್ ಇಲ್ಲ."

"ಹದಿನಾಲ್ಕು ವರ್ಷ ಆಯ್ತು ಅಂಕಲ್!"

"ನೆರೆಕರೆಯವನ ನಂಬರ್ ಯಾರಾದ್ರೂ ಕೇಳ್ತಾರಾ? ಬೇಲಿ ಹತ್ರ ಹೋಗಿ ಕರೆದ್ರೆ ಆಯ್ತಲ್ಲ. ನಮ್ಮ ಬೇಲಿ ಆ ಮೂಲೆ." ವಿಲ್ಫಿಯ ಧ್ವನಿ ಇಳಿಯಿತು. "ಈಗ ಆ ಬೇಲಿಯೇ ಇಲ್ಲ. ಎಲ್ಲ ನಂಬರ್ ಸೀಟು, ನಾನು ನೋಡುವಾಗ ಮಾರಿ ಮುಗಿದಿತ್ತು. ನನಗೆ ಸಿಕ್ಕಿದ್ದು ಮೇಲೆ, ಆಕಾಶದಲ್ಲಿ. ಅವನಿಗೆ ಜೂನಲ್ಲಿ, ಇಲ್ಲಿಯ ಚಳಿಗಾಲದಲ್ಲಿ, ಹಾರ್ಟ್ ಆಪರೇಷನ್ ಇತ್ತು. ಹೋದ ಸಲ ಸಿಕ್ಕಾಗ, ಬದುಕಿದ್ದರೆ ಇಲ್ಲೇ ಸಿಗ್ತೇನೆ ಅಂದಿದ್ದ. ಇದ್ದಾನೋ ಹೋದನೋ, ಹೇಗೆ ಗೊತ್ತಾಗ್ಬೇಕು ನನಗೆ? ಯಾವ ಪುಣ್ಯಾತ್ಮ ಈ ಐಡಿಯಾ ಕೊಟ್ಟನೋ."

ಆ ಐಡಿಯಾ ತನ್ನದೇ ಎಂದು ಹೇಳಿಬಿಡಬೇಕೆಂದು ನಿಶ್ಮಿತಾ ಎರಡು ಸಲ ಬಾಯಿ ತೆರೆದು, ಎರಡು ಸಲವೂ ನೀರು ಕುಡಿದಳು. ಹಬ್ಬದ ಮನೆಯಲ್ಲಿ ಯಾಕೆ ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ಅದು ಬರೀ ಹೆದರಿಕೆ ಎಂದು ಅವಳಿಗೂ ಗೊತ್ತಿತ್ತು.

ಮರುದಿನ ಮೈದಾನದ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟಾಗ ಅವಳು ತಾನು ಬಂದ ಕೆಲಸವನ್ನೇ ಒಂದು ಗಳಿಗೆ ಮರೆತಳು. ತೊಂಬತ್ತು ಸಾವಿರ ಜನ! ನಡುವೆ ಹದಿಮೂರು ಮಂದಿ ಬಿಳಿ ಬಟ್ಟೆಯವರು ಏನನ್ನೋ ಬಹಳ ನಿಧಾನವಾಗಿ ಮಾಡುತ್ತಿದ್ದರು. ಹೆಚ್ಚಿನವರು ಅತ್ತ ನೋಡುತ್ತಲೂ ಇರಲಿಲ್ಲ. ಒಬ್ಬಳು ಹೆಣಿಗೆ ಹಾಕುತ್ತಿದ್ದಳು. ಇಬ್ಬರು ಒಂದೇ ಪದಬಂಧಕ್ಕೆ ತಲೆ ಕೆಡಿಸಿಕೊಂಡಿದ್ದರು. ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡ ಮುದುಕನೊಬ್ಬ ಕಣ್ಣು ಮುಚ್ಚಿ, ಎದುರಿಗೇ ನಡೆಯುತ್ತಿದ್ದ ಆಟವನ್ನು ಕೇಳಿಸಿಕೊಳ್ಳುತ್ತಿದ್ದ. ಆದರೂ ಚೆಂಡು ಬ್ಯಾಟಿನ ಅಂಚು ತಾಗಿದ ಕೂಡಲೇ ಅಷ್ಟೂ ಜನ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಇವರಿಗೆ ಗೊತ್ತಾದದ್ದು ಹೇಗೆ ಎಂದು ಅವಳಿಗೆ ಸೋಜಿಗ.

ವಿಲ್ಫಿ ತನ್ನ ಆಕಾಶದ ಸೀಟಿಗೆ ಹೋಗಲೇ ಇಲ್ಲ. ಡಬ್ಬಿ ಹಿಡಿದು ಹಳೆಯ ಮೂಲೆಯ ಹಿಂದಿನ ದಾರಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಊಟದ ವಿರಾಮದಲ್ಲಿ ಸಿಕ್ಕಾಗ ತಲೆ ಅಲ್ಲಾಡಿಸಿದ. "ಇಲ್ಲ ನಿಶ್ಮಿತಾ. ಹೋಗಿರ್ಬೇಕು ಪಾಪ." ನಿಶ್ಮಿತಾಳಿಗೆ ಅವನ ಮುಖ ನೋಡಲಾಗಲಿಲ್ಲ.

ಕಂಬವೊಂದರ ನೆರಳಿಗೆ ಹೋಗಿ ಟ್ಯಾಬ್ಲೆಟ್ ತೆರೆದಳು. ಆರು ಜನ ವಿದ್ಯಾರ್ಥಿಗಳು ತುಂಬಿಸಿದ ಫಾರ್ಮುಗಳು ಮುನ್ನೂರು ದಾಟಿದ್ದವು. ಅವಳ ಒಂಬತ್ತು ಕಾರಣಗಳನ್ನು ಕೇಳುವವರಿಲ್ಲ, ಜನ ಖಾಲಿ ಜಾಗಕ್ಕೇ ಮುತ್ತಿದ್ದರು. ಅಪ್ಪ ಬರುತ್ತಿದ್ದರು, ಅದಕ್ಕೆ. ಮನೆಯಲ್ಲಿ ಅತ್ತೆ ಇದ್ದಾರೆ. ಇವತ್ತು ಇಲ್ಲಿ ಬಿಟ್ಟು ಬೇರೆಲ್ಲಿರಲಿ? ನನ್ನ ಮಗ ನನ್ನ ಜೊತೆ ಆರು ಗಂಟೆ ಮಾತಾಡುವ ಜಾಗ ಇದೊಂದೇ. ಓದುತ್ತ ಓದುತ್ತ ಅವಳು ನಿಂತಲ್ಲೇ ನೆಲಕ್ಕೆ ಕೂತಳು. ಇನ್ನೂರ ಹನ್ನೊಂದನೆಯ ಫಾರ್ಮಿನಲ್ಲಿ ಹೀಗಿತ್ತು:

"ವಿಲ್ಫ್‌ನನ್ನು ಹುಡುಕಲು ಬಂದಿದ್ದೇನೆ. ನಾನು ಸತ್ತಿಲ್ಲ ಎಂದು ಅವನಿಗೆ ಹೇಳಬೇಕು."

ಕೆಳಗೆ ಸೀಟ್ ನಂಬರ್. ಮೈದಾನದ ಆಚೆ ತುದಿ.

ಫಾರ್ಮಿನ ತಲೆಯಲ್ಲಿದ್ದ ಮಾತು ಕಣ್ಣಿಗೆ ಹೊಡೆಯುತ್ತಿತ್ತು: ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಅದನ್ನು ಈ ಫಾರ್ಮಿಗೆ ಹಾಕಿದವಳೂ ಅವಳೇ. ಕೆಲಸ ಹೋದರೆ ಮನೆಯ ಮಾರ್ಟ್‌ಗೇಜ್ ಗಂಡ ಜಯೇಶನೊಬ್ಬನ ತಲೆಗೆ. ಹೀಗೆಲ್ಲ ಯೋಚಿಸುತ್ತಿದ್ದಂತೆಯೇ ಕಾಲು ವಿಲ್ಫಿಯತ್ತ ಓಡುತ್ತಿತ್ತು.

"ಅಂಕಲ್, ಬನ್ನಿ. ಎಂತ ಕೇಳ್ಬೇಡಿ, ಬನ್ನಿ."

ಅರ್ಧ ಮೈದಾನ ಸುತ್ತಿ ಆ ಸೀಟಿಗೆ ಹೋದರೆ ಅದು ಖಾಲಿ. ಅದರ ಪಕ್ಕದ್ದೂ ಖಾಲಿ, ಮೇಲೊಂದು ಪೇಪರ್ ಹಾಸಿತ್ತು. ಹಿಂದಿನ ಸಾಲಿನ ಹೆಂಗಸು, "ಅವರಾ? ಬೆಳಿಗ್ಗೆಯಿಂದ ಯಾರನ್ನೋ ಹುಡುಕ್ತಾ ಸುತ್ತುತ್ತಿದ್ದಾರೆ. ನಡೆಯೋಕೇ ಕಷ್ಟ, ಹೇಳಿದ್ರೂ ಕೇಳೋಲ್ಲ" ಎಂದಳು.

ವಿಲ್ಫಿ ತಿರುಗಿ ಹೊರಟ. ನಿಶ್ಮಿತಾ ತೋಳು ಹಿಡಿದು ನಿಲ್ಲಿಸಿದಳು. "ನೀವು ಆಚೆ, ಅವರು ಈಚೆ ಸುತ್ತಿದ್ರೆ ಸಂಜೆಯವರೆಗೂ ಸಿಕ್ಕೋದಿಲ್ಲ. ಕೂತ್ಕೊಳ್ಳಿ ಇಲ್ಲೇ."

ವಿಲ್ಫಿ ನೆವಿಲನ ಸೀಟಿನ ತುದಿಯಲ್ಲಿ ಕೂತ. ಅವಳು ಮೆಟ್ಟಿಲ ಮೇಲೆ ಕೂತಳು. ಮಾಡಲು ಬೇರೇನೂ ಇಲ್ಲದೆ ಜೀವನದಲ್ಲಿ ಮೊದಲ ಸಲ ಆಟ ನೋಡಿದಳು. ಬೌಲರ್ ಓಡಿ ಬಂದ, ಬ್ಯಾಟಿನವನು ಚೆಂಡನ್ನು ಬಿಟ್ಟ. ಮತ್ತೆ ಬಂದ, ಮತ್ತೆ ಬಿಟ್ಟ. ಹೀಗೆ ಅರ್ಧ ಗಂಟೆ. ಬೇಸರವಾಗಬೇಕಿತ್ತು, ಆಗಲಿಲ್ಲ. ಪಕ್ಕದ ಸಾಲಿನವರು ಅವಳ ಕೈಗೆ ದ್ರಾಕ್ಷಿ ಕೊಟ್ಟರು, ಎಲ್ಲಿಯವಳೆಂದು ಕೇಳಿದರು, ಉಡುಪಿ ಎಂದರೆ ಎಲ್ಲಿ ಎಂದೂ ಕೇಳಿದರು. ಎರಡು ಚೆಂಡುಗಳ ನಡುವೆ ಇಷ್ಟೆಲ್ಲಕ್ಕೂ ಪುರುಸೊತ್ತಿತ್ತು. ಟ್ವೆಂಟಿ ಟ್ವೆಂಟಿಯಲ್ಲಿ ದ್ರಾಕ್ಷಿ ತೊಳೆಯುವಷ್ಟರಲ್ಲಿ ಆಟವೇ ಮುಗಿದಿರುತ್ತಿತ್ತು.

"ಅದು ನನ್ನ ಸೀಟು ಕಣಯ್ಯಾ."

ಇಂಗ್ಲಿಷಿನ ಆ ಧ್ವನಿಗೆ ವಿಲ್ಫಿ ತಲೆ ಎತ್ತಿದ. ಉದ್ದನೆಯ ಮುದುಕ, ಅರ್ಧಕ್ಕರ್ಧ ಸೊರಗಿದ್ದ, ರೇಲಿಂಗ್ ಹಿಡಿದು ನಿಂತಿದ್ದ. ವಿಲ್ಫಿ ಏಳಲಿಲ್ಲ. ಡಬ್ಬಿಯನ್ನು ಮಡಿಲಲ್ಲಿ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನೆವಿಲ್ ಪೇಪರ್ ಸರಿಸಿ ಪಕ್ಕದಲ್ಲಿ ಕೂತು, ಅವನ ಬೆನ್ನ ಮೇಲೆ ಕೈಯಿಟ್ಟು, ಆಟದ ಕಡೆ ನೋಡುತ್ತ ಕಾದ. ಹಾಗೆ ಮೂರು ಓವರ್ ಕಳೆಯಿತು.

ಆಮೇಲೆ ನೆವಿಲ್ ಗೊಣಗಿದ. "ಪೇಪರ್ ಹಾಸಿದ್ದ ಈ ಸೀಟಿಗೂ ನಾನೇ ಟಿಕೆಟ್ ತಗೊಂಡೆ, ನೀನು ಸಿಕ್ಕಿದರೆ ಇರಲಿ ಅಂತ. ಯಾವನಯ್ಯಾ ನಮ್ಮ ಮೂಲೆ ಕಿತ್ತುಹಾಕಿದ್ದು?"

"ನಾನು," ಎಂದಳು ನಿಶ್ಮಿತಾ.

ಇಬ್ಬರೂ ತಿರುಗಿದರು. ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು: ಫೋನಿನ ಸರ್ವೇ, ಎಪ್ಪತ್ತು ಜನ, ತಾನು ನೋಡದೆಯೇ ಬರೆದ ಸಾಲು, ಇವತ್ತು ಮುರಿದ ಮಾತು. ವಿಲ್ಫಿ ಅವಳನ್ನು ಗುರುತೇ ಇಲ್ಲದವನಂತೆ ನೋಡಿದ. ಆ ನೋಟಕ್ಕೆ ಅವಳಿಗೆ ಎದ್ದು ಹೋಗಿಬಿಡಬೇಕೆನಿಸಿತು.

"ಆ ಎಪ್ಪತ್ತರಲ್ಲಿ ನಾನೂ ಒಬ್ಬ," ಎಂದ ನೆವಿಲ್. "ಫೋನ್ ಬಂದಿತ್ತು. ಏನು ತೊಂದರೆ ಅಂತ ಕೇಳಿದರು. ಕ್ಯೂ ನಿಂತರೆ ಮಂಡಿ ನೋಯುತ್ತೆ ಅಂದೆ. ಮಂಡಿ ನೋಯ್ತಿತ್ತಲ್ಲ! ಯಾಕೆ ನಿಲ್ತೀಯ ಅಂತ ಯಾರೂ ಕೇಳಲಿಲ್ಲ."

ವಿಲ್ಫಿ ಕಣ್ಣೊರೆಸಿಕೊಂಡ. ಅವಳ ಮುಖವನ್ನು ಇನ್ನೊಮ್ಮೆ ನೋಡಿ, ಸ್ವಲ್ಪ ಸರಿದು ಇಬ್ಬರ ನಡುವೆ ಒಂದಿಷ್ಟು ಜಾಗ ಮಾಡಿದ.

"ಬಾ, ಕೂತ್ಕೋ. ಈಗ ಕೇಳು."