ತಿಳಿಯಾದ ನೀರು

ಮೀನಿನ ಡಾಕ್ಟರು ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದರು. ನಿನ್ನೆ ಮೊಟ್ಟೆಯೊಡೆದು ಬಂದ ಮರಿಗಳು ತಳದಲ್ಲಿ ಬಿದ್ದಿದ್ದವು. ಬೆನ್ನು ಡೊಂಕು, ಎದೆಯ ಕೆಳಗೆ ನೀರು ತುಂಬಿದ ಊತ. ಈಜಲು ಹೋದವು ಇದ್ದಲ್ಲೇ ಗಿರಗಿರ ಸುತ್ತುತ್ತಿದ್ದವು.

"ಕೆರೆ ಹಸಿರುಗಟ್ಟಿತ್ತಾ?"

"ಬಣ್ಣ ಬಳಿದ ಹಾಗಿತ್ತು ಸಾರ್. ನಾನೇ ಮೈಲುತುತ್ತ ಹಾಕಿ ಪಾಚೀನೆಲ್ಲ ಸಾಯಿಸಿ ತಿಳಿ ಮಾಡಿದೆ. ಆಮೇಲೇ ಆ ನೀರನ್ನ ಮೊಟ್ಟೆ ತೊಟ್ಟಿಗಳಿಗೆ ಬಿಟ್ಟಿದ್ದು," ಎಂದ ಮೀನುಮರಿ ಶೆಡ್ಡಿನ ಯಜಮಾನ. ಹೇಳುವಾಗ ಎದೆ ತುಸು ಉಬ್ಬಿತ್ತು.

"ಅಲ್ಲೇ ಎಡವಿದ್ರಿ. ಕೆಲವು ಜಾತಿ ಪಾಚಿ ವಿಷಾನ ತನ್ನೊಳಗೇ ಇಟ್ಕೊಂಡಿರುತ್ತೆ. ನೀವು ಸಾಯಿಸಿದ್ರಿ, ಅದು ಒಡೆದು ಇದ್ದಬದ್ದದ್ದನ್ನೆಲ್ಲ ನೀರಿಗೆ ಕಕ್ಕಿತು. ದೊಡ್ಡ ಮೀನು ಹೇಗೋ ತಡ್ಕೊಳ್ಳುತ್ತೆ. ಮೊಟ್ಟೆಯೊಳಗೆ ಬೆನ್ನು, ಹೃದಯ ಆಗ್ತಿರೋ ಹೊತ್ತಲ್ಲಿ ಸಿಕ್ಕಿದ್ರೆ ಹೀಗೇ."

ಯಜಮಾನನಿಗೆ ನಷ್ಟದ ನೆನಪಾಗಲಿಲ್ಲ. ನೆನಪಾದದ್ದು ಅತ್ತಿಗೆಯ ಮುಖ.

ಮೊಟ್ಟೆಗಳ ಉಸ್ತುವಾರಿ ಅತ್ತಿಗೆಯದು. ಎರಡು ಸಲ ಬಸಿರು ನಿಲ್ಲದೆ ಹೋದ ಮೇಲೆ, ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು ತಾವಾಗಿಯೇ ಕೇಳಿ ಕೆಲಸಕ್ಕೆ ಬಂದಿದ್ದರು. ಕೆಟ್ಟ ಮೊಟ್ಟೆಗಳನ್ನು ಹಕ್ಕಿಯ ಗರಿಯಿಂದ ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದರು. ಮೊದಲ ತಂಡ ಡೊಂಕಾಗಿ ಹುಟ್ಟಿದಾಗ ಈ ಮಹಾಶಯ ತನ್ನ ಜಾಣತನವನ್ನು ಒಂದಿಷ್ಟೂ ಅನುಮಾನಿಸಲಿಲ್ಲ. ಆಳುಗಳೆಲ್ಲ ಕೇಳುವಂತೆ, "ಮರಿಗಳು ನಿಮ್ಮ ಕೈಗೆ ಆಗಿಬರಲ್ಲ ಅತ್ತಿಗೆ, ಬಿಟ್ಬಿಡಿ," ಎಂದಿದ್ದ. ಅಂದು ಹೋದ ಅತ್ತಿಗೆ ಮತ್ತೆ ಬರಲಿಲ್ಲ. ನಂತರದ ತಂಡವನ್ನು ಅವನೇ ನೋಡಿಕೊಂಡ. ಅದೇ ಡೊಂಕು, ಅದೇ ಊತ.

ಮನೆ ದಾರಿಯುದ್ದಕ್ಕೂ ತಾನಾಡಿದ ಆ ಮಾತು ಅವನ ಕಿವಿಯಲ್ಲೇ ಕೂತಿತ್ತು. ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

ಅಡುಗೆಮನೆಯಲ್ಲಿ ಅವನ ಹೆಂಡತಿ ಅಳುವ ಕೂಸನ್ನು ಸೊಂಟಕ್ಕೇರಿಸಿಕೊಂಡು ಒಲೆ ಮುಂದೆ ಒದ್ದಾಡುತ್ತಿದ್ದಳು. ಅತ್ತಿಗೆ ಆಚೆ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದರು.

"ಅಕ್ಕಂಗೆ ಸೊಂಟನೋವಂತೆ. ದಿನಾ ಅವರೇ ಮಗೂಗೆ ಸ್ನಾನ ಮಾಡಿಸ್ತಿದ್ರು, ಈಗ ಮುಟ್ಟೋದೇ ಬಿಟ್ಟಿದ್ದಾರೆ," ಎಂದಳು ಹೆಂಡತಿ.

ಎಂದಿನಿಂದ ಎಂದು ಅವನು ಕೇಳಬೇಕಿರಲಿಲ್ಲ. ನೇರ ಆಚೆ ಕೋಣೆಯತ್ತ ನಡೆದ.

"ಅತ್ತಿಗೆ, ತಪ್ಪು ನಂದು," ಎಂದ ಹೊಸಿಲಲ್ಲೇ ನಿಂತು. "ನೀರು ಕೆಟ್ಟಿತ್ತು. ಕೆಡಿಸಿದ್ದು ನಾನೇ. ನಾಳೆ ಶೆಡ್ಡಲ್ಲಿ ಎಲ್ಲರ ಮುಂದೆಯೂ ಹೇಳ್ತೀನಿ."

ಬೈಗುಳಕ್ಕೆ ತಲೆ ತಗ್ಗಿಸಿದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅತ್ತಿಗೆ ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದರು.

"ನಿಜವಾಗ್ಲೂ ನೀರಾ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ಇಲ್ಲ ಅತ್ತಿಗೆ. ಡಾಕ್ಟ್ರೇ ನೋಡಿ ಹೇಳಿದ್ರು."

ಅವರು ಎದ್ದು ಅಡುಗೆಮನೆಗೆ ಬಂದರು. ಸೋಪು ಹಚ್ಚಿ ಮೊಣಕೈವರೆಗೂ ತೊಳೆದು, ಒರೆಸಿ, ಮತ್ತೊಮ್ಮೆ ತೊಳೆದರು. ಕೂಸು ಆಗಲೇ ಅವರತ್ತ ವಾಲಿ ಎರಡೂ ಕೈ ಚಾಚಿತ್ತು. ಆದರೂ ಮುಟ್ಟದೆ, ಮೈದುನನ ಮುಖ ನೋಡಿ ಕೇಳಿದರು:

"ಎತ್ಕೊಳ್ಳಲಾ?"