ನೀಲಿ ಕೂದಲಿನವಳು

ಮೂಗೆಳೆದ ಸದ್ದು, ನೆಗಡಿ ಇರಬೇಕು, ಪೀಣ್ಯದ ಆ ಶೆಡ್ಡಿನ ಆಯಿಲ್ ಹೊಗೆಗೆ ಇವನಿಗೆ ಯಾವಾಗಲೂ ನೆಗಡಿ, ರೊಟ್ಟಿ ಬಡಿಯುತ್ತಲೇ ತಿರುಗಿ ನೋಡಿದರೆ ನನ್ನ ಗಂಡ ಬಸಲಿಂಗ ಅಳುತ್ತಿದ್ದಾನೆ, ಗೋಡೆಗೆ ಒರಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಫೋನಿನೊಳಗಿನ ಆ ನೀಲಿ ಕೂದಲಿನ ಹುಡುಗಿಗಾಗಿ, ಹೋದ ಭಾನುವಾರವೂ ಅವಳೇ, ಇವನ ಜೊತೆ ಮಿಷಿನ್ ನಡೆಸುವ ಭಾನುಪ್ರಕಾಶ್ ಹಚ್ಚಿದ ಹುಚ್ಚು ಇದು, ಕಾರ್ಟೂನ್ ಅಲ್ಲಕ್ಕಾ, ಆನಿಮೆ, ಜಪಾನಿಂದು, ಸಕ್ಕತ್ತಾಗಿ ಅಳಿಸ್ತಾರೆ ನೋಡಿ ಅಂದಿದ್ದ — ಇವನನ್ನು ಅಳಿಸಲಿಕ್ಕೆ ಜಪಾನಿನಿಂದ ಬರಬೇಕೇ, ಬಾದಾಮಿ ಕಡೆಯ ನಾನು ಸಾಲದೇ, ಮದುವೆಯಾಗಿ ದಾಸರಹಳ್ಳಿಗೆ ಬಂದಾಗಿನಿಂದ ಈ ಕಣ್ಣಲ್ಲಿ ಒಂದು ಹನಿ ಕಂಡವಳಲ್ಲ ನಾನು, ಗಾರ್ಮೆಂಟ್ಸಿನಲ್ಲಿ ಸೂಜಿ ನನ್ನ ಬೆರಳು ತೂರಿ ಹೊರಬಂದ ದಿನ ನೋವಾತೇನು ಅಂತ ಕೇಳಿ ಟೀವಿ ಹಚ್ಚಿದ, ನಮ್ಮತ್ತೆ ದುರ್ಗವ್ವ ತೀರಿಕೊಂಡಾಗಲೂ ಒಣಗಣ್ಣು, ಹೆತ್ತವಳನ್ನು ಮಣ್ಣಿಗಿಟ್ಟು ಕೈ ತೊಳೆದುಕೊಂಡು ಬಂದ, ಊರ ಹೆಂಗಸರೆಲ್ಲ ಇವನ ಮುಖವನ್ನೇ ನೋಡುತ್ತಿದ್ದರು, ಇಂವ ಕಲ್ಲು ಅಂದುಕೊಂಡೆ, ಇರಲಿ, ಕಲ್ಲಿನ ಜೊತೆಗೂ ಬಾಳುವೆ ಮಾಡಬಹುದು, ಆದರೆ ಒಳಗೆ ಇಷ್ಟು ನೀರಿತ್ತೇ, ಯಾರೋ ಬಣ್ಣದಲ್ಲಿ ಬರೆದವಳು ಬಂದು ಸೇದಿಕೊಂಡಳೇ.

ಮೊನ್ನೆ ಮನೆ ಓನರ್ ಪಿಳ್ಳಮ್ಮ ಬಾಗಿಲಲ್ಲೇ ತಡೆದರು, ನಿನ್ ಗಂಡ ಮಾಡಿ ಮೇಲ್ ಕುಂತ್ಕಂಡು ಅಳ್ತಿದ್ನಲ್ಲಮ್ಮಿ, ಜಗಳ ಆಡುದ್ರಾ, ಅಂಗೆಲ್ಲ ಮನ್ಸಲ್ಲಿ ಇಟ್ಕಬಾರ್ದು, ಹೂಂ ಜಗಳ ಅಂದುಬಿಟ್ಟೆ, ಬೊಂಬೆಗಾಗಿ ಅಳುತ್ತಾನೆ ಅನ್ನುವುದಕ್ಕಿಂತ ನನಗಾಗಿ ಅಳುತ್ತಾನೆ ಅಂದರೆ ಮರ್ಯಾದೆ — ಮರ್ಯಾದೆ ಎಲ್ಲಿಯದು, ಆಸೆ. ಈಗ ಮುಖ ಒರೆಸಿಕೊಂಡು ನೀರಿನ ಕ್ಯಾನು ತರಲು ಕೆಳಗಿಳಿದ, ಫೋನು ಹಾಸಿಗೆಯ ಮೇಲೇ ಬಿಟ್ಟ, ಒಲೆ ಸಣ್ಣ ಮಾಡಿ, ಇಯರ್‌ಫೋನ್ ಕಿತ್ತು, ಹಿಟ್ಟಿನ ಕೈಯಲ್ಲೇ ಒತ್ತಿದೆ, ಬಾ ತಾಯಿ, ಏನು ಮಾಡ್ತೀ ನೋಡೋಣ, ಒಂದು ಮಾತೂ ತಿಳಿಯದು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತವೆ, ಹುಡುಗಿ ಎರಡು ಬಟ್ಟಲು ಇಡುತ್ತಾಳೆ, ಗೋಡೆಯ ಮೇಲೆ ಹೆಂಗಸಿನ ಫೋಟೋ, ತಾಯಿ ಸತ್ತಿದ್ದಾಳೆ, ಅಷ್ಟು ತಿಳಿಯಿತು, ತಾಯಿಗೆಂದು ತಪ್ಪಿ ಇಟ್ಟ ಬಟ್ಟಲನ್ನು ಎತ್ತಿಡಲು ಹೋಗಿ ಕೈ ನಿಲ್ಲುತ್ತದೆ, ಸಂಗೀತವೂ ನಿಲ್ಲುತ್ತದೆ, ಫೋನಿನ ತುಂಬ ಮುಖ, ಮುಖದ ತುಂಬ ಕಣ್ಣು, ನೀರು ಕೂಡುತ್ತದೆ, ನಡುಗುತ್ತದೆ, ಬೀಳುವುದಿಲ್ಲ, ಇದನ್ನು ಮಾಡಿದವರಿಗೇನೂ ಅವಸರವಿಲ್ಲ, ಕಾಯುತ್ತಾರೆ, ಇದೇ ಇವರ ಕಸುಬು, ನೋಡುವವನು ಅಳುವ ತನಕ ಕಾಯುವುದು, ನಾನು ಅತ್ತರೆ ಯಾರು ಇಷ್ಟು ಕಾಯುತ್ತಾರೆ, ಗಾರ್ಮೆಂಟ್ಸ್ ಫ್ಲೋರಿನಲ್ಲಿ ಸೂಪರ್‌ವೈಸರ್ ಕಾಯುತ್ತಾನೆಯೇ, ಅಷ್ಟು ದೊಡ್ಡ ಕಣ್ಣು ನನಗೂ ಇದ್ದಿದ್ದರೆ, ಹಿಂದೆ ಪಿಟೀಲು ಬಾರಿಸುವವರಿದ್ದಿದ್ದರೆ — ಅಳು ಬರಲಿಲ್ಲ, ಹೊಟ್ಟೆ ಉರಿಯಿತು, ರೊಟ್ಟಿಯೂ ಹತ್ತಿತು.

ಬಾಗಿಲಲ್ಲಿ ಅವನು, ಹೆಗಲ ಮೇಲೆ ಕ್ಯಾನು, ನನ್ನ ಕೈಯಲ್ಲಿ ಫೋನು, ಯಾಕ್ರೀ, ಹಡೆದಾಕಿಗೆ ಅಳಲಿಲ್ಲ, ಈ ಬೊಂಬಿಗೆ ಅಳ್ತೀರಲ್ಲ, ಬಾಯಿಂದ ಬಂದೇಬಿಟ್ಟಿತು, ಕ್ಯಾನು ಇಳಿಸಿದ, ಅವತ್ತ ಅಳು ಬಂದಿತ್ತು ಭಾಗ್ಯಾ, ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು, ಯಾವಾಗ ಅಳ್ತಾನ ಯಾವಾಗ ಅಳ್ತಾನ ಅಂತ, ನೀನೂ ನೋಡಾಕತ್ತಿದ್ದಿ, ಒಳಗಽ ಹೋತು, ಈ ಹುಡುಗಿ ನನ್ನ ನೋಡಂಗಿಲ್ಲ, ತನ್ನ ಪಾಡಿಗೆ ಬಟ್ಟಲ ಇಡ್ತಾಳ, ನನಗ ಅವ್ವ ಉಣ್ಣೋ ಗಂಗಾಳ ನೆಪ್ಪಾಗ್ತೈತಿ. ಹಾಗಾದರೆ ಅವಳಿಗಾಗಿ ಅತ್ತದ್ದಲ್ಲ, ಅತ್ತೆಗಾಗಿ, ಇಷ್ಟು ದಿನದ ಉರಿ ಈಗ ಆರಬೇಕಿತ್ತು, ಆರಲಿಲ್ಲ, ಅವಳ ಮುಂದೆ ಅಳಬಲ್ಲವನು ನನ್ನ ಮುಂದೆ ಯಾಕಿಲ್ಲ, ಬಾ ಅಂದ, ಪಕ್ಕದಲ್ಲಿ ಕೂರಿಸಿಕೊಂಡ, ಒಂದು ಇಯರ್‌ಫೋನ್ ನನ್ನ ಕಿವಿಗಿಟ್ಟ, ಮತ್ತೆ ಮೊದಲಿಂದ ಹಚ್ಚಿದ, ಬಟ್ಟಲು ಇಟ್ಟಳು, ಕೈ ನಿಂತಿತು, ಸಂಗೀತ ನಿಂತಿತು, ನಾನು ಫೋನು ನೋಡಬೇಕು, ನೋಡುತ್ತಿಲ್ಲ, ಇವನ ಕಣ್ಣು ನೋಡುತ್ತಿದ್ದೇನೆ, ರೆಪ್ಪೆಯ ತುದಿಯಲ್ಲಿ ನೀರು ಕೂಡಿದೆ, ಇವನಿಗೂ ಗೊತ್ತು ನಾನು ನೋಡುತ್ತಿದ್ದೇನೆಂದು, ಆ ಕಡೆ ತಿರುಗು ಭಾಗ್ಯಶ್ರೀ, ನನಗೆ ನಾನೇ ಹೇಳಿಕೊಳ್ಳುತ್ತೇನೆ, ತಿರುಗಲಾರೆ, ರೆಪ್ಪೆಯ ತುದಿಯಲ್ಲಿ ನೀರು, ನಡುಗುತ್ತಿದೆ, ಬೀಳುತ್ತಿಲ್ಲ, ರೆಪ್ಪೆಯ ತುದಿಯಲ್ಲಿ ನೀರು —