ಮಹಾರುದ್ರಪ್ಪನ ಗೋಣು

ಬಿದಿರಿನ ವಿಮಾನದಲ್ಲಿ ಹೆಣ ಕೂರಿಸಿ, ವಿಭೂತಿ ಹಚ್ಚಿ, ಹಣೆಗೆ ಪಟಗದ ಬಟ್ಟೆ ಸುತ್ತಿ ಹಿಂದಿನ ಗಳಕ್ಕೆ ಬಿಗಿದರೂ ಮಹಾರುದ್ರಪ್ಪನ ಗೋಣು ನಿಲ್ಲಲೊಲ್ಲದು. ಯಾರಾದರೂ ಗಳ ಮುಟ್ಟಿದರೆ ಸಾಕು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡುತ್ತಿತ್ತು.

"ಏನೋ ಬ್ಯಾಡ ಅನ್ನಾಕತ್ತಾನ," ಎಂದ ಜಹೀರುದ್ದೀನ್. ಭಜನಾ ಮೇಳದಲ್ಲಿ ತಾಳ ಹಾಕುತ್ತ ಮುದುಕನಾದವನು. ಸತ್ತವರ ಮನೆಯಲ್ಲೂ ಅವನ ಬಾಯಿಗೆ ಬೀಗವಿಲ್ಲ. "ಹಾರ ಬ್ಯಾಡೋ, ಊದಿನಕಡ್ಡಿ ಬ್ಯಾಡೋ, ಯಾರರೆ ಕೇಳ್ರಿ."

"ನನ್ನ ನೋಡಿ ಅನ್ನಾಕತ್ತಾನ," ಎಂದ ನರಸಿಂಗ.

ಅವನು ಢೋಲಕ್ಕನ್ನು ಚೀಲದಲ್ಲೇ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದ. ಈ ಮನೆಯ ಹೊಸ್ತಿಲು ತುಳಿದು ಆರು ವರ್ಷವಾಗಿತ್ತು. ಮಹಾರುದ್ರಪ್ಪ ಹಾರ್ಮೋನಿಯಂ ಪೇಟಿ ಬಾರಿಸುತ್ತ ಹಾಡುವಾಗ ಚೆಂದ ಕಂಡದ್ದಕ್ಕೆಲ್ಲ ಗೋಣು ಹಾಕುತ್ತಿದ್ದ. ಜಹೀರನ ತಾಳಕ್ಕೆ ಹಾಕುತ್ತಿದ್ದ, ಚಹಾ ಚೆನ್ನಾಗಿದ್ದರೆ ಚಹಾಕ್ಕೂ ಹಾಕುತ್ತಿದ್ದ. ನರಸಿಂಗನ ಢೋಲಕ್ಕಿಗೆ ಮಾತ್ರ ಒಂದು ದಿನವೂ ಇಲ್ಲ. ತಲೆ ಅಡ್ಡಡ್ಡ ಆಡಿಸಿ, "ಓಡಾಕತ್ತೀ," ಅನ್ನುವುದೊಂದೇ. ಆ ಒಂದು ಗೋಣಿನ ಆಸೆಗೇ ನರಸಿಂಗ ಮೇಳದಲ್ಲಿ ಅಷ್ಟು ವರ್ಷ ಇದ್ದ. ಅದು ಸಿಗದ ಸಿಟ್ಟಿಗೇ ಒಂದು ದಿನ ಮೇಳ ಬಿಟ್ಟಿದ್ದ.

*

ಮುರಿದ ಮೇಳವನ್ನು ಹದಿನೈದು ವರ್ಷದ ಮೇಲೆ ಮತ್ತೆ ಕೂಡಿಸಿದವನು ಮಹಾರುದ್ರಪ್ಪನ ಮಗ ಓಂಪ್ರಕಾಶ. "ಹಳೇ ಪದ ನಿಮ್ಮ ಸಂಗಾಟೇ ಹೋಗ್ತಾವರಿ, ಒಂದು ಕ್ಯಾಸೆಟ್ ಮಾಡೂಣು," ಎಂದು ತೊಂಬತ್ತೆಂಟರ ಬೇಸಿಗೆಯಲ್ಲಿ ಮೂವರನ್ನೂ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸು ಹತ್ತಿಸಿದ.

ಕ್ಯಾಸೆಟ್ ಅಂಗಡಿಯ ಹಿಂದಿನ ಕೋಣೆ. ಸದ್ದು ಬರಬಾರದೆಂದು ಗೋಡೆಗೆಲ್ಲ ಗೋಣಿಚೀಲ ಹೊಡೆದಿದ್ದರು, ಫ್ಯಾನು ಆರಿಸಿದ್ದರು. ಮೂವರು ಮುದುಕರು ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಎರಡು ಪದ ಮುಗಿಸಿದರು. ಮೂರನೆಯದರ ನಡುವೆ ಮಹಾರುದ್ರಪ್ಪನ ಉಸಿರು ಹಿಂದೆ ಬಿತ್ತು, ಢೋಲಕ್ಕು ಮುಂದೆ ಹೋಯಿತು.

"ನಿಲ್ಲಸ್ರೋ! ಏ ನರಸಿಂಗ, ಬಸ್ಸಿಗಿ ಹೊಂಟೀ ಏನ್? ಮೊದಲಿಂದ!" ಎಂದು ಮಹಾರುದ್ರಪ್ಪ ಗದರಿದ.

ಅಂಗಡಿಯವನಿಗೆ ಸಿನಿಮಾ ಹಾಡು ನಕಲು ಮಾಡಿ ಗೊತ್ತೇ ಹೊರತು ಕತ್ತರಿಸಿ ಜೋಡಿಸಿ ಗೊತ್ತಿರಲಿಲ್ಲ. ಬೈಗುಳವೂ ಪದದ ಜೊತೆ ಅಚ್ಚಾಯಿತು. ವಾರದೊಳಗೆ ಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ನರಸಿಂಗನನ್ನು ಕಂಡವರೆಲ್ಲ "ಬಸ್ಸಿಗಿ ಹೊಂಟೀ ಏನ್?" ಎಂದು ಕೇಳತೊಡಗಿದರು. ಪಾಪ, ಅವನು ನಿಜವಾಗಿಯೂ ಬಸ್ಸಿಗೆ ಹೊರಟಿರುತ್ತಿದ್ದ. ಅಂದಿನಿಂದ ಮಹಾರುದ್ರಪ್ಪನ ಹೊಸ್ತಿಲ ಕಡೆ ಮಾತ್ರ ಹೊರಡಲಿಲ್ಲ.

*

ಪಾರ್ವತಿಬಾಯಿ ವಿಮಾನದಲ್ಲಿದ್ದ ಗಂಡನ ಪಕ್ಕದಿಂದ ಎದ್ದು ಬಂದಳು. "ನರಸಿಂಗ, ನಿನ್ನೆ ಅವರು ನಿನ್ನ ಹೆಸರ ತಗದ್ರು."

ನರಸಿಂಗ ಗೋಡೆ ಬಿಟ್ಟು ನೆಟ್ಟಗೆ ಕೂತ. "ಏನಂದ್ರವ್ವಾ?"

"ನರಸಿಂಗ ಬಂದೇ ಬರ್ತಾನ. ಬಂದ್ರ ಸಾವಕಾಶ ಬಾರಸು ಅಂತ ಹೇಳು ಅಂದ್ರು."

ಜಹೀರುದ್ದೀನ್ ಕೆಮ್ಮಿದಂತೆ ಮಾಡಿ ನಗು ನುಂಗಿದ. ನರಸಿಂಗನಿಗೆ ಎದ್ದು ಹೋಗಬೇಕೆನಿಸಿತು. ಆದರೆ ಕೈ ಆಗಲೇ ಚೀಲದ ಗಂಟು ಬಿಚ್ಚುತ್ತಿತ್ತು.

ಊರಿನ ಎಲ್ಲರ ಹೆಣದ ಮುಂದೆ ಹಾಡುತ್ತಿದ್ದವನೇ ಇಂದು ವಿಮಾನದಲ್ಲಿದ್ದ. ಪದ ಹೇಳುವ ಗಂಟಲು ಇನ್ನೊಂದಿರಲಿಲ್ಲ. ಓಂಪ್ರಕಾಶ ಟೇಪ್ ರೆಕಾರ್ಡರನ್ನು ಅಪ್ಪನ ಕಾಲ ಬಳಿ ಕಟ್ಟಿ ಅದೇ ಕ್ಯಾಸೆಟ್ ಹಾಕಿದ. ಮಹಾರುದ್ರಪ್ಪ ತನ್ನ ಮೆರವಣಿಗೆಗೆ ತಾನೇ ಹಾಡುತ್ತ ಹೊರಟ. ಮುಂದೆ ನರಸಿಂಗನ ಢೋಲಕ್ಕು, ಜಹೀರನ ತಾಳ. ಹೊತ್ತವರು ಬಿರುಸಾಗಿ ನಡೆದರು. ವಿಮಾನ ಅತ್ತಿತ್ತ ತೂಗಿತು, ಗೋಣು ದಾರಿಯುದ್ದಕ್ಕೂ ಅಡ್ಡಡ್ಡ ಆಡಿತು.

ಮೂರನೆಯ ಪದ ಬಂದದ್ದು ನಟ್ಟನಡು ಬಜಾರಿನಲ್ಲಿ.

"ನಿಲ್ಲಸ್ರೋ!" ಎಂದಿತು ವಿಮಾನ.

ಹೊತ್ತ ನಾಲ್ವರೂ ಗಕ್ಕನೆ ನಿಂತರು. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಎದ್ದು ಕೈ ಮುಗಿದಳು. "ಮೊದಲಿಂದ!" ಎಂದದ್ದೇ ತಡ, ಹಿಂದಿನ ಇಬ್ಬರು ಮನೆಯ ಕಡೆ ಎರಡು ಹೆಜ್ಜೆ ಹಾಕಿಯೂ ಬಿಟ್ಟರು. ಬಜಾರಿಗೆ ಬಜಾರೇ ನಕ್ಕಿತು. ಪಾರ್ವತಿಬಾಯಿ ಸೆರಗು ಬಾಯಿಗೊತ್ತಿ ನಕ್ಕಳು, ನಗುತ್ತಲೇ ಅತ್ತಳು. ನರಸಿಂಗ ಮಾತ್ರ ಹಲ್ಲು ಕಚ್ಚಿಕೊಂಡು ಮತ್ತೆ ಬಾರಿಸತೊಡಗಿದ.

ರುದ್ರಭೂಮಿಯ ಹಾದಿ ಹಿಡಿದಾಗ ಟೇಪಿನ ಸೆಲ್ಲು ಇಳಿಯಿತು. ಮಹಾರುದ್ರಪ್ಪನ ದನಿ ದಪ್ಪವಾಯಿತು, ಎಳೆಯಿತು, ಏರು ಹತ್ತುವ ಮುದಿ ಎತ್ತಿನಂತೆ ಒಂದೊಂದೇ ಮಾತಿಗೆ ಏದುಸಿರು ಬಿಟ್ಟಿತು.

"ಈಗ ಹಿಂದ ಬಿದ್ದಾಂವ ಯಾರು ಅಂತ ಎಲ್ಲಾರೂ ಕೇಳ್ಲಿ," ಎಂದ ಜಹೀರುದ್ದೀನ್. "ಬಾರಸೋ, ಬಿಡಬ್ಯಾಡ!"

ಆರು ವರ್ಷ ಕಾದದ್ದು ಇದಕ್ಕೇ. ನರಸಿಂಗ ಕೈ ಎತ್ತಿದ. ಆದರೆ ಆ ದನಿ ಹುಮನಾಬಾದಿನ ಕೋಣೆಯಲ್ಲಿ ಕೇಳಿದ ದನಿಯೇ ಆಗಿತ್ತು, ಉಸಿರು ಸಾಲದ ದನಿ. ಅಂದು ತಾನು ಬೈಗುಳ ಕೇಳಿಸಿಕೊಂಡಿದ್ದ, ಉಸಿರು ಕೇಳಿಸಿಕೊಂಡಿರಲಿಲ್ಲ. ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದ. ದನಿ ಎಳೆದಷ್ಟು ತಾನೂ ಎಳೆದ, ಅದು ನಿಂತಲ್ಲಿ ಕಾದ, ಅದಕ್ಕೆ ಹೆಗಲು ಕೊಟ್ಟಂತೆ ಬಾರಿಸಿದ. ಟೇಪು ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು. ಢೋಲಕ್ಕು ಅದೇ ನಡೆಯಲ್ಲಿ ಮುಂದುವರಿಯಿತು, ಹೊತ್ತವರ ಕಾಲೂ ಅದಕ್ಕೇ ಹೊಂದಿಕೊಂಡವು.

ಜಹೀರುದ್ದೀನ್ ತಾಳ ಬಿಟ್ಟು ಮೊಣಕೈಯಿಂದ ತಿವಿದ. "ಏ, ಹಿಂದ ಹೊಳ್ಳಿ ಮ್ಯಾಲೆ ನೋಡೋ."

ಸಾವಕಾಶದ ಹೆಜ್ಜೆಗೆ ವಿಮಾನ ತೂಗುವುದನ್ನು ಬಿಟ್ಟು ಏರಿ ಇಳಿಯುತ್ತಿತ್ತು. ಪಟಗ ಸಡಿಲಾಗಿತ್ತು. ಪ್ರತಿ ಪೆಟ್ಟಿಗೂ ಮಹಾರುದ್ರಪ್ಪನ ಗೋಣು ಮುಂದಕ್ಕೆ ಬಾಗಿ ಮತ್ತೆ ಏಳುತ್ತಿತ್ತು.

ತೋಡಿಟ್ಟ ಗುಣಿ ಬಂತು. ಕ್ರಿಯೆಗೆ ಬಂದಿದ್ದ ಸ್ವಾಮಿಗಳು ಕೈ ಎತ್ತಿ ಸಾಕೆಂದರು. ನರಸಿಂಗ ನಿಲ್ಲಿಸಲಿಲ್ಲ. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗುಣಿಯ ಸುತ್ತ ಇನ್ನೊಂದು ಸುತ್ತು ಹಾಕಿದರು.